ನಮ್ಮ ಹುಡುಗಿಯರೂ ರಾತ್ರಿಯ ಆಕಾಶವೂ

ನಮ್ಮ ವಿದ್ಯಾರ್ಥಿನಿ ನಿಲಯದ ಹಿಂದುಗಡೆ, ಹಳೆಯ ಸೌದೆಕೊಟ್ಟಿಗೆಯಿದ್ದ ತಾಣದಲ್ಲಿ, ಹಿಂದಿನ ಮಳೆಗಾಲ ಮುಗಿದ ಮೇಲೆ ಎದ್ದು ನಿಂತಿರುವ ಸಣ್ಣ ಕಟ್ಟಡವು ಏನೆಂದು ಶಾಲೆಗೆ ಬಂದುಹೋಗುವ ಪೋಷಕರಲ್ಲಿ ಅನೇಕರು ವಿಚಾರಿಸಿರುವರು. ಹತ್ತಡಿ ಉದ್ದ, ಹತ್ತಡಿ ಅಗಲ, ಎದೆಯೆತ್ತರದ ಗೋಡೆ, ಮೇಲೆ ಕಬ್ಬಿಣದ ಹಳಿಗಳ ಮೇಲೆ ಪಕ್ಕಕ್ಕೆ ಸರಿಯುವ ತಗಡಿನ ಮಾಡು. ಕೆಲವರು ಅದನ್ನು ಪಂಪುಮನೆಯೆಂದರು. ಒಬ್ಬ ತಾಯಿಯವರು ಕೋಳಿಗೂಡೆಂದೇ ಭಾವಿಸಿ, ಮೊಟ್ಟೆಯ ಕ್ರಯವನ್ನು ಕೇಳಿದರು. ಅದು ನಮ್ಮ ವೀಕ್ಷಣಾಲಯ. ಅದರೊಳಗೆ ಹಳೆಯ ವಿದ್ಯಾರ್ಥಿನಿಯರ ಕಾಣಿಕೆಯಿಂದ ಕೊಂಡ, ಆರಂಗುಲದ ಕನ್ನಡಿಯುಳ್ಳ ದೂರದರ್ಶಕವೂ ಅದಕ್ಕೆ ಜೋಡಿಸಿದ ಒಂದು ಕ್ಯಾಮರಾವೂ ಇರುವುವು.

ಚಂದ್ರನನ್ನೂ ಶನಿಯ ಉಂಗುರವನ್ನೂ ತೋರಿಸುವುದಷ್ಟೇ ಇದರ ಉದ್ದೇಶವಲ್ಲ. ಸೌರಮಂಡಲದ ಆಚೆ ಬಹುದೂರದಲ್ಲಿ ಇರುವ ನೀಹಾರಿಕೆಗಳು, ನಕ್ಷತ್ರಗುಚ್ಛಗಳು, ಗೆಲಾಕ್ಸಿಗಳು ಇವೇ ಮುಂತಾಗಿ, ಬರಿಗಣ್ಣಿಗೆ ಮಬ್ಬು ಚುಕ್ಕೆಯಂತೆ ಕಾಣುವ ಅಥವಾ ಕಾಣಲೇ ಕಾಣದ ವಸ್ತುಗಳ ಛಾಯಾಚಿತ್ರಗಳನ್ನು ನಮ್ಮ ಮೇಲಿನ ತರಗತಿಗಳ ಹುಡುಗಿಯರು ತಮ್ಮ ಕೈಯಾರೆ ತೆಗೆಯಬೇಕೆಂಬುದೇ ನಮ್ಮ ಆಶಯ. ಈ ವಿಷಯವಾಗಿ ಮೆಚ್ಚುಗೆಯ ಮಾತುಗಳು ಬಂದಿವೆ. ಆಕ್ಷೇಪಣೆಗಳೂ ಬಂದಿವೆ, ಅವು ನೇರವಾಗಿ ಬಂದುದಕ್ಕಿಂತ ಸುತ್ತುದಾರಿಯಿಂದ ಬಂದುದೇ ಹೆಚ್ಚು. ಆದಕಾರಣ ಈ ಸಂಚಿಕೆಯಲ್ಲಿ ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳಿಬಿಡುವುದು ಒಳ್ಳೆಯದೆಂದು ತೋರಿತು. ಹಗಲಿನ ಪಾಠವು ಹೇಗೋ ಹಾಗೆ ರಾತ್ರಿಯ ಆಕಾಶವೂ ಹೆಣ್ಣುಮಕ್ಕಳಿಗೆ ಸಲ್ಲತಕ್ಕದ್ದೆಂದು ನಾವು ನಂಬಿರುವೆವು.

ನಮ್ಮ ಮಲೆನಾಡಿನವರಿಗೆ ನಕ್ಷತ್ರಗಳ ಹೆಸರು ಹೊಸದಲ್ಲ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರೆ, ಪುನರ್ವಸು, ಪುಷ್ಯ ಎಂದು ನಮ್ಮ ಅಜ್ಜಿಯಂದಿರು ಬೆರಳು ಮಡಿಸಿ ಎಣಿಸುವರು. ಆದರೆ ಅವರು ಎಣಿಸುವುದು ಮಳೆಗಳನ್ನು. ಮೃಗಶಿರ ಮಳೆ ಚೆನ್ನಾಗಿ ಹಿಡಿಯಿತೋ ಇಲ್ಲವೋ ಎಂಬುದನ್ನು ತೋಟದ ಪ್ರತಿಯೊಬ್ಬರೂ ಬಲ್ಲರು. ಮೃಗಶಿರವು ಆಕಾಶದಲ್ಲಿ ಯಾವ ಕಡೆ ಇದೆಯೆಂದು ಕೇಳಿದರೆ ನೂರರಲ್ಲಿ ಹತ್ತು ಮಂದಿಯೂ ಬೆರಳು ತೋರಿಸಲಾರರು. ಇದಕ್ಕೆ ಕಾರಣವೂ ಉಂಟು. ಸೂರ್ಯನು ಯಾವ ನಕ್ಷತ್ರದ ಬಳಿ ಇರುವನೋ ಆ ನಕ್ಷತ್ರದ ಹೆಸರೇ ಆ ಮಳೆಗೆ. ಜೂನ್ ತಿಂಗಳ ಎರಡನೆಯ ವಾರದಲ್ಲಿ ಸೂರ್ಯನು ಮೃಗಶಿರದಲ್ಲಿ ಇರುವುದರಿಂದ ಆ ನಕ್ಷತ್ರವು ಅವನೊಡನೆ ಹಗಲಿನಲ್ಲಿಯೇ ಮೂಡಿ ಮುಳುಗುವುದು. ಮೋಡವಿಲ್ಲದಿದ್ದರೂ ಅದನ್ನು ಆಗ ಕಾಣುವಂತಿಲ್ಲ. ಅದು ರಾತ್ರಿಯ ನೆತ್ತಿಗೆ ಬರುವುದು ಡಿಸೆಂಬರ್ ಜನವರಿಯಲ್ಲಿ, ಮಳೆ ನಿಂತು, ಕಾಫಿ ಕುಯ್ಲು ನಡೆಯುವಾಗ. ಮಳೆಯ ಹೆಸರಾಗಿ ಕೇಳಿದ್ದನ್ನು ಬೆಳಕಾಗಿ ಕಂಡ ದಿನ ನಮ್ಮ ಹುಡುಗಿಯರು ಪಟ್ಟ ಸೋಜಿಗವನ್ನು ಪೋಷಕರೂ ನೋಡಬೇಕಾಗಿತ್ತು.

ಊರಿನ ನೆಲೆಯೂ ಈ ಕೆಲಸಕ್ಕೆ ಅನುಕೂಲವಾದುದು. ನಾವಿರುವುದು ಭೂಮಧ್ಯರೇಖೆಗೆ ಉತ್ತರದಲ್ಲಿ ಸುಮಾರು 13 ಅಂಶಗಳ ಮೇಲೆ. ಆದುದರಿಂದ ಉತ್ತರದ ದೇವಯಾನಿ ಗೆಲಾಕ್ಸಿಯೂ ನಮಗೆ ಎತ್ತರದಲ್ಲಿ ಕಾಣುವುದು, ದಕ್ಷಿಣದ ತ್ರಿಶಂಕುವೂ ಬೆಟ್ಟದ ಅಂಚಿನ ಮೇಲೆ ಏಳುವುದು. ಕಿನ್ನರ ರಾಶಿಯ ದೊಡ್ಡ ಗೋಳಗುಚ್ಛವಾದ ಒಮೆಗಾ ಸೆಂಟಾರಿಯು ಇಂಗ್ಲೆಂಡಿನವರಿಗೆ ದಿಗಂತದ ಮೇಲೆ ಬರುವುದೇ ಇಲ್ಲ. ಎಡ್ಮಂಡ್ ಹ್ಯಾಲಿಯು ಅದನ್ನು ಪರೀಕ್ಷಿಸಿ ನೋಡಿದ್ದು 1677ರಲ್ಲಿ, ದಕ್ಷಿಣ ಸಮುದ್ರದ ಸೇಂಟ್ ಹೆಲೆನಾ ದ್ವೀಪದಲ್ಲಿದ್ದಾಗ. ನಮಗಾದರೋ ಅದು ದಕ್ಷಿಣ ದಿಗಂತದಿಂದ 29 ಅಂಶಗಳಷ್ಟು ಮೇಲೇರುವುದು. ಏಪ್ರಿಲ್ ತಿಂಗಳಲ್ಲಿ ಅದು ಚೆನ್ನಾಗಿ ಕಾಣುವ ವೇಳೆಗೆ ಶಾಲೆಗೆ ಬೇಸಿಗೆ ರಜೆ ಬಂದಿರುವುದೊಂದೇ ಕೊರತೆ. ಮಳೆಗಾಲದ ವಿಷಯ ಹೇಳತಕ್ಕದ್ದೇನೂ ಇಲ್ಲ. ಕಳಸದ ಕಡೆ ನೂರಂಗುಲಕ್ಕೆ ಮಿಕ್ಕಿ ಸುರಿಯುವ ಆ ತಿಂಗಳುಗಳಲ್ಲಿ ದೂರದರ್ಶಕವು ಒಣಗಿದ ಪೆಟ್ಟಿಗೆಯಲ್ಲಿ ನಿದ್ರೆ ಮಾಡುವುದು. ಹಾಗೆ ಮಾಡದಿದ್ದರೆ ಗಾಜಿನ ಮೇಲೆ ಬೂಷ್ಟು ಹಿಡಿಯುವುದೆಂದು ದುರ್ಬೀನು ಇಟ್ಟುಕೊಂಡಿರುವ ತೋಟದವರೆಲ್ಲರೂ ಬಲ್ಲರು.

ಇನ್ನು, ಚಿತ್ರವನ್ನು ತೆಗೆಯುವ ಬಗೆ. ಭೂಮಿಯು ತಿರುಗುವುದರಿಂದ ಆಕಾಶವು ಗಂಟೆಗೆ 15 ಅಂಶಗಳಂತೆ ಪಶ್ಚಿಮಕ್ಕೆ ಸರಿಯುವಂತೆ ತೋರುವುದು. ಕ್ಯಾಮರಾದ ಕಣ್ಣನ್ನು ತೆರೆದು ಸುಮ್ಮನಿದ್ದರೆ ನಕ್ಷತ್ರಗಳು ಚುಕ್ಕೆಗಳಾಗಿ ಬೀಳದೆ ಗೆರೆಗಳಾಗಿ ಬೀಳುವುವು. ಆದಕಾರಣ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಒಂದು ಅಕ್ಷವನ್ನು ಹೂಡಿ, ಸಣ್ಣ ಮೋಟಾರಿನಿಂದ ಅದನ್ನು ಎದುರು ದಿಕ್ಕಿಗೆ ಭೂಮಿಯ ವೇಗದಲ್ಲಿಯೇ ತಿರುಗಿಸಬೇಕು. ಇತರ ದೇಶಗಳವರು ಧ್ರುವ ನಕ್ಷತ್ರವನ್ನು ನೋಡಿ ಆ ಅಕ್ಷವನ್ನು ಸರಿಮಾಡಿಕೊಳ್ಳುವರು. ನಮ್ಮಲ್ಲಿ ಧ್ರುವ ನಕ್ಷತ್ರವು ದಿಗಂತದಿಂದ 13 ಅಂಶಗಳಷ್ಟು ಮಾತ್ರ ಎತ್ತರದಲ್ಲಿದ್ದು, ಪಕ್ಕದ ತೋಟದ ಸಿಲ್ವರ್ ಮರಗಳ ಹಿಂದೆ ಅಡಗಿರುವುದು. ಆದುದರಿಂದ ನಮ್ಮ ಹುಡುಗಿಯರು ನೆತ್ತಿಯ ಬಳಿಯ ಒಂದು ನಕ್ಷತ್ರವನ್ನು ಹಿಡಿದು, ಅದು ಉತ್ತರಕ್ಕೆ ಜಾರುವುದೋ ದಕ್ಷಿಣಕ್ಕೆ ಜಾರುವುದೋ ಎಂದು ಹತ್ತು ನಿಮಿಷ ನೋಡಿ, ತಿರುಪನ್ನು ಎಳ್ಳಷ್ಟು ತಿರುಗಿಸಿ, ಮತ್ತೆ ಹತ್ತು ನಿಮಿಷ ನೋಡುವರು. ಇಷ್ಟರಲ್ಲಿ ಒಂದು ಗಂಟೆ ಕಳೆಯುವುದು. ಚಿತ್ರವಿನ್ನೂ ಒಂದೂ ಆಗಿರುವುದಿಲ್ಲ.

ಬಳಿಕ ಎರಡೆರಡು ನಿಮಿಷದ ಚಿತ್ರಗಳನ್ನು ಒಂದರ ಮೇಲೊಂದರಂತೆ ತೆಗೆಯುವುದು. ಒಂದೊಂದರಲ್ಲಿಯೂ ಕ್ಯಾಮರಾದ ಸ್ವಂತ ಗೊಂದಲದ ಚುಕ್ಕೆಗಳು ತುಂಬಿರುವುವು. ಆದರೆ 64 ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಟ್ಟುಗೂಡಿಸಿ ಸರಾಸರಿ ತೆಗೆದರೆ ಆ ಗೊಂದಲವು ಎಂಟರಲ್ಲೊಂದು ಪಾಲಿಗೆ ಇಳಿಯುವುದು, ನೀಹಾರಿಕೆಯ ಬೆಳಕು ಮಾತ್ರ ನಿಲ್ಲುವುದು. ವರ್ಗಮೂಲವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉಪಾಯವು ನಮ್ಮ ಗಣಿತದ ಉಪಾಧ್ಯಾಯಿನಿಯರಿಗೆ ಇದುವರೆಗೆ ಸಿಕ್ಕಿರಲಿಲ್ಲ. ಇದಲ್ಲದೆ, ಮುಚ್ಚಳವನ್ನು ಮುಚ್ಚಿಯೇ ಇಪ್ಪತ್ತು ಚಿತ್ರಗಳನ್ನು ತೆಗೆಯಬೇಕು. ಕ್ಯಾಮರಾದ ಸ್ವಂತ ದೋಷವೆಷ್ಟೆಂದು ಅದರಿಂದ ತಿಳಿದು, ಅದನ್ನು ಕಳೆಯುವರು. ಹೀಗೆ ಮಾಡಿ ನಮ್ಮ ಹುಡುಗಿಯರು ಮೃಗಶಿರದ ಮೂರು ನಕ್ಷತ್ರಗಳ ಕೆಳಗಿನ ಮಹಾ ನೀಹಾರಿಕೆಯ ಚಿತ್ರವನ್ನು ಹಿಡಿದಿರುವರು. ಅಲ್ಲಿಂದ ಬೆಳಕು ನಮ್ಮನ್ನು ತಲುಪಲು ಸುಮಾರು 1,300 ವರ್ಷಗಳು ಬೇಕು; ಅಂದರೆ ಆ ರಾತ್ರಿ ನಮ್ಮ ಕ್ಯಾಮರಾಕ್ಕೆ ಬಿದ್ದ ಬೆಳಕು ಹೊರಟಾಗ ಈ ನಾಡನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು.

ಎಲ್ಲ ಆಕ್ಷೇಪಣೆಗಳಲ್ಲಿಯೂ ಬುದ್ಧಿವಂತವಾದುದು ಒಂದುಂಟು. ಹಬಲ್ ದೂರದರ್ಶಕದ ಚಿತ್ರಗಳೂ, 2021ರ ಕ್ರಿಸ್ಮಸ್ ದಿನದಂದೇ ಗಗನಕ್ಕೇರಿದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳೂ ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ, ಚಳಿಯಲ್ಲಿ ಕುಳಿತು ಅವಕ್ಕಿಂತ ಎಷ್ಟೋ ಕೆಳತರದ ಚಿತ್ರವನ್ನು ತೆಗೆಯುವುದೇತಕ್ಕೆ? ನಾವು ಇದನ್ನು ಬಹಳ ಯೋಚಿಸಿದೆವು. ಹಕ್ಕಿಗಳ ಒಳ್ಳೆಯ ಚಿತ್ರಗಳು ಪುಸ್ತಕಗಳಲ್ಲಿ ಬೇಕಾದಷ್ಟು ಇದ್ದರೂ, ನಮ್ಮ ಮೂಡಿಗೆರೆಯಲ್ಲಿ ಬಾಳಿ 2007ರಲ್ಲಿ ಕಾಲವಾದ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮರಾ ಹಿಡಿದು ಹಕ್ಕಿಗಳನ್ನು ಕಾಯುವುದನ್ನು ಬಿಡಲಿಲ್ಲ. ಕಾದವನಿಗೆ ಹಕ್ಕಿಯ ನಡತೆ ತಿಳಿಯುವುದು. ಪುಟ ತಿರುವಿದವನಿಗೆ ಬಣ್ಣ ತಿಳಿಯುವುದು. ಬಣ್ಣದ ಮಾತು ಬಂದುದರಿಂದ ಹೇಳುವೆವು: ಮಹಾ ನೀಹಾರಿಕೆಯನ್ನು ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದ ಒಬ್ಬ ಒಂಬತ್ತನೆಯ ತರಗತಿಯ ಹುಡುಗಿಯು, ಇದು ಬೂದಿಯ ಬಣ್ಣವಾಗಿದೆ, ಮೊಬೈಲಿನಲ್ಲಿ ಕೆಂಪಾಗಿತ್ತಲ್ಲ, ಯಾರು ಸುಳ್ಳು ಹೇಳಿದರು ಎಂದು ಕೇಳಿದಳು. ಇಬ್ಬರೂ ಸುಳ್ಳಾಡಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದು, ಕ್ಯಾಮರಾ ಗುರುತಿಸಬಲ್ಲದು. ಆ ಕೆಂಪು ಜಲಜನಕದ ಬೆಳಕು. ವೆಬ್ ದೂರದರ್ಶಕವಾದರೋ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹಿಡಿಯುವುದರಿಂದ, ಅದರ ಚಿತ್ರಗಳಿಗೆ ಬಣ್ಣವನ್ನು ಬಲ್ಲವರು ಆರಿಸಿ ಕೊಟ್ಟಿರುವರು. ಕಣ್ಣೆದುರಿಗೆ ಬಂದ ಚಿತ್ರವನ್ನು ಹಾಗೆಯೇ ನಂಬಿಬಿಡುವ ಈ ಕಾಲದಲ್ಲಿ, ಒಂದು ಚಿತ್ರವು ಹೇಗೆ ಆಗುವುದೆಂದು ಕೈಯಾರೆ ಮಾಡಿ ತಿಳಿದ ಹುಡುಗಿಯು ಅಷ್ಟು ಸುಲಭವಾಗಿ ಮೋಸಹೋಗಳು.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು ಬೇರೊಂದು ಸಂಗತಿ. ಮಹಾ ನೀಹಾರಿಕೆಯ ಮೊದಲನೆಯ ಛಾಯಾಚಿತ್ರವನ್ನು 1880ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ ತೆಗೆದರು. ಎರಡು ವರ್ಷಗಳಲ್ಲಿ ಅವರು ತೀರಿಕೊಳ್ಳಲು, ಅವರ ವಿಧವೆಯಾದ ಮೇರಿ ಆನಾ ಡ್ರೇಪರ್ ಅವರು ಗಂಡನ ಹೆಸರಿನಲ್ಲಿ ಹಾರ್ವರ್ಡ್ ವೀಕ್ಷಣಾಲಯಕ್ಕೆ ದ್ರವ್ಯ ಸಹಾಯ ಮಾಡಿದರು. ಆ ದ್ರವ್ಯದಿಂದ ಅಲ್ಲಿ ಅನೇಕ ಸ್ತ್ರೀಯರು ಕೆಲಸಕ್ಕೆ ಸೇರಿದರು. ಅವರ ಕೆಲಸವೇನು? ರಾತ್ರಿ ಪುರುಷರು ದೂರದರ್ಶಕದಿಂದ ತೆಗೆದ ಗಾಜಿನ ಫಲಕಗಳನ್ನು ಹಗಲು ಕುಳಿತು ಪರೀಕ್ಷಿಸುವುದು. ಅವರಲ್ಲಿ ವಿಲಿಯಮಿನಾ ಫ್ಲೆಮಿಂಗ್ ಎಂಬಾಕೆಯು ಸ್ಕಾಟ್ಲೆಂಡಿನಿಂದ ಬಂದು, ಗಂಡನು ಬಿಟ್ಟುಹೋಗಲು, ವೀಕ್ಷಣಾಲಯದ ನಿರ್ದೇಶಕರ ಮನೆಯಲ್ಲಿ ಮನೆಗೆಲಸ ಮಾಡುತ್ತಿದ್ದವಳು. 1888ರ ಒಂದು ಫಲಕದಲ್ಲಿ ಕುದುರೆಯ ತಲೆಯಂತಿರುವ ಕಪ್ಪು ನೀಹಾರಿಕೆಯನ್ನು ಕಂಡುಹಿಡಿದವಳು ಆಕೆಯೇ. ಆದರೂ ಅದು ಮೊದಲು ಸೇರಿದ ಪಟ್ಟಿಯಲ್ಲಿ ಆಕೆಯ ಹೆಸರು ಬೀಳಲಿಲ್ಲ. ಅದೇ ಕೋಣೆಯಲ್ಲಿ ಕೆಲಸ ಮಾಡಿದ ಹೆನ್ರಿಯೆಟಾ ಲೆವಿಟ್ ಅವರು ಒಬ್ಬ ಸಭಾಪಾಲಕರ ಮಗಳು, ಕಿವಿ ಕೇಳಿಸದವರು. ಮಿನುಗು ನಕ್ಷತ್ರಗಳಲ್ಲಿ ಒಂದು ಜಾತಿಯವು ಎಷ್ಟು ದಿನಗಳಿಗೊಮ್ಮೆ ಮಿನುಗುವುವೋ ಅದರಿಂದ ಅವುಗಳ ನಿಜವಾದ ಕಾಂತಿಯನ್ನು ತಿಳಿಯಬಹುದೆಂದು 1912ರಲ್ಲಿ ಅವರು ತೋರಿಸಿಕೊಟ್ಟರು. ಆ ಅಳತೆಗೋಲನ್ನು ಹಿಡಿದೇ ಎಡ್ವಿನ್ ಹಬಲ್ 1923ರಲ್ಲಿ ಮೌಂಟ್ ವಿಲ್ಸನ್ ಬೆಟ್ಟದ ದೂರದರ್ಶಕದಿಂದ ದೇವಯಾನಿಯ ಮಬ್ಬಿನಲ್ಲಿ ಒಂದು ಮಿನುಗು ನಕ್ಷತ್ರವನ್ನು ಹಿಡಿದು, ಅದು ನಮ್ಮ ಆಕಾಶಗಂಗೆಯ ಆಚೆಗಿರುವ ಬೇರೊಂದು ನಕ್ಷತ್ರಲೋಕವೆಂದು ಸ್ಥಾಪಿಸಿದ್ದು. ಅದರ ದೂರ 25 ಲಕ್ಷ ಜ್ಯೋತಿರ್ವರ್ಷಗಳೆಂದು ಈಗ ತಿಳಿದಿದೆ. ಲೆವಿಟ್ ಅವರು ಇದನ್ನು ಕಾಣದೆ 1921ರಲ್ಲಿಯೇ ತೀರಿಕೊಂಡಿದ್ದರು.

ಮೌಂಟ್ ವಿಲ್ಸನ್ನಿನ ಬಾಗಿಲು ಸ್ತ್ರೀಯರಿಗೆ ಆಗ ತೆರೆದಿರಲಿಲ್ಲ. ಆಮೇಲೆಯೂ ಬಹುಕಾಲ ತೆರೆಯಲಿಲ್ಲ. 1950ರ ದಶಕದಲ್ಲಿ ಮಾರ್ಗರೆಟ್ ಬರ್ಬಿಡ್ಜ್ ಅವರು ತಮ್ಮ ಗಂಡನ ಸಹಾಯಕಿಯೆಂಬ ಹೆಸರಿನಲ್ಲಿ ಅಲ್ಲಿ ವೀಕ್ಷಣೆ ಮಾಡಬೇಕಾಯಿತು. ವೀರಾ ರೂಬಿನ್ ಅವರಿಗೆ ಪಾಲೊಮಾರ್ ದೂರದರ್ಶಕವು ಅಧಿಕೃತವಾಗಿ ದೊರೆತದ್ದು 1965ರಲ್ಲಿ. ಅಲ್ಲಿ ಸ್ತ್ರೀಯರಿಗೆ ಬೇರೆ ಶೌಚಗೃಹವಿಲ್ಲವೆಂಬುದು ಅದುವರೆಗೆ ಹೇಳುತ್ತಿದ್ದ ಕಾರಣಗಳಲ್ಲೊಂದು! ಇತ್ತ ವ್ಯಾಟಿಕನ್ನಿನ ವೀಕ್ಷಣಾಲಯದಲ್ಲಿ 1910ರಿಂದ 1921ರವರೆಗೆ ನಾಲ್ವರು ಕನ್ಯಾಸ್ತ್ರೀಯರು ಫಲಕಗಳ ಮೇಲಿನ 4,81,215 ನಕ್ಷತ್ರಗಳ ಸ್ಥಾನವನ್ನು ಅಳೆದು ಬರೆದರು. ಅವರ ಸಭೆಯ ಸಹೋದರಿಯರು ನಮ್ಮ ಮಂಗಳೂರಿನಲ್ಲಿಯೂ ಸೇವೆ ಮಾಡುತ್ತಿರುವರು. ನಕ್ಷತ್ರಗಳ ಲೆಕ್ಕವನ್ನು ಸ್ತ್ರೀಯರ ಕೈಗೆ ಕೊಡಲು ಯಾರೂ ಹಿಂಜರಿಯಲಿಲ್ಲ, ನಕ್ಷತ್ರಗಳಿರುವ ರಾತ್ರಿಯನ್ನು ಕೊಡಲು ಹಿಂಜರಿದರು. ಇಂದು ಹಾಗಿಲ್ಲ. ನಕ್ಷತ್ರಗುಚ್ಛಗಳನ್ನು ಅಭ್ಯಸಿಸಿದ ಅನ್ನಪೂರ್ಣಿ ಸುಬ್ರಮಣ್ಯಂ ಅವರು 2019ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕಿಯಾದರು. ಹೀಗಿರುವಾಗ ಬೆಂಗಳೂರಿನಲ್ಲಿ ತೆರೆದ ಬಾಗಿಲು ನಮ್ಮ ಬೆಟ್ಟಗಳಲ್ಲಿ ಮಾತ್ರ ಮುಚ್ಚಿರಬೇಕೇಕೆ?

ರಾತ್ರಿಯೆಂದರೆ ಭಯವುಂಟು, ಅದನ್ನು ನಾವು ಹಗುರವಾಗಿ ಕಾಣೆವು. ಮೂಡಿಗೆರೆಯ ಸುತ್ತಿನ ತೋಟಗಳಿಗೆ ಆನೆಗಳು ಇಳಿಯುವುವು, ಜೀವಹಾನಿಯೂ ಆಗಿದೆ. ಆದುದರಿಂದ ವೀಕ್ಷಣೆಯು ಆವರಣದ ಗೋಡೆಯೊಳಗೇ, ಇಬ್ಬರು ಉಪಾಧ್ಯಾಯಿನಿಯರ ಸಮ್ಮುಖದಲ್ಲಿ, ರಾತ್ರಿ ಏಳರಿಂದ ಹತ್ತರೊಳಗೆ ನಡೆಯುವುದು. ನಿಲಯದ ಹುಡುಗಿಯರಲ್ಲದೆ ಹೊರಗಿನವರು ಇರಬೇಕಾದರೆ ಪೋಷಕರು ತಾವೇ ಬಂದು ಕರೆದುಕೊಂಡು ಹೋಗತಕ್ಕದ್ದು. ಇಷ್ಟಾದ ಮೇಲೆಯೂ ಕೆಲವು ತಂದೆಗಳು, ಹುಡುಗಿಯರಿಗೆ ರಾತ್ರಿಯಲ್ಲಿ ಅಂಗಳದಲ್ಲೇನು ಕೆಲಸವೆಂದು ಹೇಳಿ ಕಳುಹಿಸಿದರು. ಅವರ ಗಂಡುಮಕ್ಕಳು ಯಕ್ಷಗಾನ ನೋಡಿ ಬೆಳಗಿನ ಜಾವ ಮನೆಗೆ ಬಂದರೆ ಬಿಸಿನೀರು ಕಾದಿರುವುದು. ಅಲ್ಲಿ ಆನೆಯ ಭಯ ಏಕಿಲ್ಲವೆಂದು ನಾವು ಸವಿನಯವಾಗಿ ಕೇಳುವೆವು. ಬೆದರಿಕೆಯಿರುವುದು ಆನೆಯದ್ದಲ್ಲ, ನೆರೆಯವರ ಮಾತಿನದ್ದೆಂದು ತೋರುತ್ತದೆ. ಆ ಮಾತಿಗೆ ಅಂಜಿ ನಮ್ಮ ತಾಯಂದಿರು ಓದು ಬಿಟ್ಟಿದ್ದರೆ ಈ ಶಾಲೆಯೇ ಇರುತ್ತಿರಲಿಲ್ಲ.

ಪರೀಕ್ಷೆಯ ಆಕ್ಷೇಪಣೆಯು ನ್ಯಾಯವಾದುದೇ. ಆಕಾಶ ತಿಳಿಯಾಗುವ ತಿಂಗಳುಗಳೂ ಎಸ್.ಎಸ್.ಎಲ್.ಸಿ. ಸಿದ್ಧತೆಯ ತಿಂಗಳುಗಳೂ ಒಂದೇ ಆಗಿವೆ. ಆದಕಾರಣ ಹತ್ತನೆಯ ತರಗತಿಯವರಿಗೆ ಡಿಸೆಂಬರಿನ ಬಳಿಕ ಬಿಡುವು ಕೊಟ್ಟಿರುವೆವು. ಇದಕ್ಕಿಂತ ನಮ್ಮನ್ನು ನೋಯಿಸುವುದು ಬೇರೊಂದು: ಕುಯ್ಲಿನ ಕಾಲದಲ್ಲಿ ಲೈನ್ ಮನೆಗಳ ಹುಡುಗಿಯರು ತಮ್ಮಂದಿರನ್ನು ನೋಡಿಕೊಳ್ಳಲೆಂದು ವಾರಗಟ್ಟಲೆ ತರಗತಿಗೆ ಬಾರದಿರುವುದು. ಅಂಕಗಳು ಕಡಮೆಯಾಗುವುದು ಅದರಿಂದ, ನಕ್ಷತ್ರಗಳಿಂದಲ್ಲ.

ಭಕ್ತರೊಬ್ಬರು, ನಕ್ಷತ್ರ ನೋಡುವುದು ಜೋಯಿಸರ ಕೆಲಸವಲ್ಲವೇ ಎಂದರು. ಕೃತ್ತಿಕೆಯೂ ಮೃಗಶಿರವೂ ಯೋಬನ ಗ್ರಂಥದಲ್ಲಿ ಬಂದಿರುವುದನ್ನು ಅವರಿಗೆ ನೆನಪಿಸಿದೆವು.

ಇನ್ನು ನಾವು ಬೇಡುವುದೊಂದಿದೆ. ಅದನ್ನು ತೋಟದ ಸಾಹುಕಾರರಲ್ಲಿಯೂ ಹೋಂಸ್ಟೇ ನಡೆಸುವವರಲ್ಲಿಯೂ ಬೇಡುವೆವು. ಅವರಲ್ಲಿ ಅನೇಕರು ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಯವರೇ. ವೇಣು ಬಾಪು ಅವರು 1960ರ ದಶಕದಲ್ಲಿ ದೊಡ್ಡ ಊರುಗಳ ಬೆಳಕಿನಿಂದ ದೂರವಾದ ಬೆಟ್ಟವನ್ನು ಹುಡುಕಿ ಹುಡುಕಿ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ಹದಿನೈದಂಗುಲದ ದೂರದರ್ಶಕದಿಂದ ಕೆಲಸ ಆರಂಭವಾಯಿತು. 1986ರ ಹೊತ್ತಿಗೆ 2.34 ಮೀಟರ್ ಅಗಲದ ಕನ್ನಡಿ ಬಂದಿತು. ಲಡಾಖಿನ ಹಾನ್ಲೆಯ ಸುತ್ತ 2022ರಲ್ಲಿ ಕತ್ತಲೆಯನ್ನು ಕಾಯುವ ಪ್ರದೇಶವನ್ನೇ ಗೊತ್ತುಮಾಡಿದರು. ಬೇರೆಯವರು ಹೀಗೆ ಹುಡುಕಿ ಕಾಯುವ ಕತ್ತಲೆಯು ನಮ್ಮಲ್ಲಿ ಹುಟ್ಟಿನಿಂದಲೇ ಇತ್ತು. ಈಗ ಗುಡ್ಡದ ನೆತ್ತಿಯ ಹೋಂಸ್ಟೇಗಳ ಬಿಳಿಯ ದೀಪಗಳು ಇರುಳೆಲ್ಲ ಆಕಾಶಕ್ಕೆ ಮುಖಮಾಡಿ ಉರಿಯುವುವು. ಮಂಜು ಆ ಬೆಳಕನ್ನು ಕುಡಿದು ಕಣಿವೆಯನ್ನೇ ಬೆಳ್ಳಗೆ ಮಾಡುವುದು. ನಮ್ಮ ಚಿತ್ರಗಳ ಪೂರ್ವದ ಅಂಚಿನಲ್ಲಿ ಇದರ ಮಬ್ಬು ಬಿದ್ದಿರುವುದನ್ನು ನೋಡಿದವರೆಲ್ಲ ಗುರುತಿಸಬಹುದು. ಲೈನ್ ಮನೆಯ ಮುಂದಿನ ದೀಪವನ್ನು ಆರಿಸಿರೆಂದು ನಾವು ಎಂದಿಗೂ ಹೇಳೆವು. ಆನೆ ಓಡಾಡುವ ದಾರಿಯಲ್ಲಿ ನಡೆಯುವವರಿಗೆ ಅದು ಬೇಕೇ ಬೇಕು. ಅದಕ್ಕೊಂದು ತಗಡಿನ ಮರೆ ಕಟ್ಟಿ ಬೆಳಕನ್ನು ನೆಲಕ್ಕೆ ಬೀಳುವಂತೆ ಮಾಡಿದರೆ ದಾರಿ ಇನ್ನೂ ಚೆನ್ನಾಗಿ ಕಾಣುವುದು, ಕರೆಂಟಿನ ಬಿಲ್ಲೂ ಇಳಿಯುವುದು. ಕಾಫಿ ಕಣದ ದೀಪವನ್ನು ಕೆಲಸ ಮುಗಿದ ಮೇಲೆ ಆರಿಸಬಹುದು. ಅತಿಥಿಗಳಿಗಾಗಿ ಮರಗಳ ಮೇಲಕ್ಕೆ ಹಾಯಿಸುವ ಬಣ್ಣದ ದೀಪಗಳಿಂದ ಯಾರಿಗೂ ಪ್ರಯೋಜನವಿಲ್ಲವೆಂದು ನಮ್ಮ ಮತ. ಹತ್ತಿರದ ಎರಡು ತೋಟದವರು ಈಗಾಗಲೇ ಮರೆ ಕಟ್ಟಿಸಿರುವರು. ಅವರಿಗೆ ಹುಡುಗಿಯರು ತಾವು ತೆಗೆದ ಕೃತ್ತಿಕೆಯ ಚಿತ್ರವನ್ನು ಚೌಕಟ್ಟು ಹಾಕಿಸಿ ಕೊಟ್ಟರು. ಬರಿಗಣ್ಣಿಗೆ ಆರೇಳು ನಕ್ಷತ್ರಗಳಾಗಿ ಕಾಣುವ ಆ ಗೊಂಚಲಿನಲ್ಲಿ ಚಿತ್ರದಲ್ಲಿ ನೂರಕ್ಕೆ ಮಿಕ್ಕಿ ಎಣಿಸಬಹುದಾಗಿದೆ.

ಡಿಸೆಂಬರ್, ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಅಮಾವಾಸ್ಯೆಗೆ ಸಮೀಪವಾದ ಶನಿವಾರದಂದು ಪೋಷಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ವೀಕ್ಷಣಾಲಯವು ತೆರೆದಿರುವುದು. ಬರುವವರು ದಪ್ಪ ಕಂಬಳಿಯನ್ನೋ ಸ್ವೆಟರನ್ನೋ ತರಬೇಕು. ಕಾರಿನ ದೀಪಗಳನ್ನು ಗೇಟಿನ ಬಳಿಯೇ ಆರಿಸಿ ನಡೆದು ಬರಬೇಕು. ಟಾರ್ಚಿಗೆ ಕೆಂಪು ಕಾಗದವನ್ನು ಸುತ್ತಿಕೊಂಡಿರಬೇಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯುವುದರಿಂದ ಮೊಬೈಲುಗಳನ್ನು ಆಫೀಸಿನಲ್ಲಿ ಇರಿಸಿ ಬರುವುದು ಉತ್ತಮ. ಮೋಡ ಕವಿದರೆ ಸಭಾಂಗಣದಲ್ಲಿ ಹುಡುಗಿಯರು ತಾವು ತೆಗೆದ ಚಿತ್ರಗಳನ್ನು ತೋರಿಸಿ ವಿವರಿಸುವರು. ಮೋಡವಿರಲಿ ಇಲ್ಲದಿರಲಿ, ಕಾಫಿ ಮಾತ್ರ ಸಿದ್ಧವಿರುವುದು.